ಮೇಣದೊಳಗಿನ ಚೂರು

ನನ್ನ ಗಂಡ ಗಂಗಾವತಿಯಲ್ಲಿ ಬಸ್ ಡ್ರೈವರ್ ಆಗಿದ್ದರು. ನಿವೃತ್ತಿಗೆ ಇನ್ನೂ ಕಾಲವಿರುವಾಗಲೇ ಅವರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಮೂತ್ರದ ತೊಂದರೆಯನ್ನು ಅವರು ನನಗೂ ಹೇಳಿರಲಿಲ್ಲ. "ದಾರ್ಯಾಗ ಗಾಡಿ ನಿಲ್ಲಸಾಕ ಆಗದ ತಡಕೊಂಡು ತಡಕೊಂಡು ಹಿಂಗ ಆತು" ಎಂದು ತಮ್ಮ ಕೆಲಸವನ್ನೇ ಬೈದುಕೊಂಡರು. ಕೊಪ್ಪಳದ ಡಾಕ್ಟರು ಅದು ಹಾಗಲ್ಲವೆಂದು ಬಿಡಿಸಿ ಹೇಳಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆದರು.

ಮನೆಗೆ ಬಂದ ಮೇಲೆ ನಾನು ಹೋಳಿಗೆ ಮಾಡಿದೆ. ಪೀಡೆ ಕಳೆಯಿತೆಂದೇ ತಿಳಿದಿದ್ದೆ. ಮತ್ತೆ ತೋರಿಸಲು ಕೊಪ್ಪಳಕ್ಕೆ ಹೋದಾಗ ಡಾಕ್ಟರು ಹುಬ್ಬಳ್ಳಿಯ ರಿಪೋರ್ಟನ್ನು ಎರಡೆರಡು ಸಲ ಓದಿದರು.

"ತಿರಗಿ ಬರತೈತೇನ್ರಿ ಸಾಹೇಬ್ರ?" ನಾನೇ ಕೇಳಿಬಿಟ್ಟೆ.

"ಇದರ ಮ್ಯಾಲೆ ಗಟ್ಟಿಯಾಗಿ ಹೇಳಾಕ ಬರೂದಿಲ್ರಿ ಅಕ್ಕಾರ. ತಗದ ಗ್ರಂಥಿಯ ಚೂರು ಹುಬ್ಬಳ್ಳ್ಯಾಗ ಮೇಣದಾಗ ಇಟ್ಟಿರ್ತಾರ. ಅದಕ್ಕ ಬೇರೆ ಬೇರೆ ಬಣ್ಣ ಹಾಕಿ ನೋಡಿದ್ರ ಕೆಲವು ಗುರುತು ಕಾಣ್ತಾವು. ರೋಗ ತಿರಗಿ ಬರೂ ಸಾಧ್ಯತಾ ಎಷ್ಟು ಅಂತ ಅವು ಹೇಳ್ತಾವು. ಅಂದಾಜು ಅಷ್ಟರಿ, ಹಣೆಬರಹ ಅಲ್ಲ."

ಆ ಪರೀಕ್ಷೆ ನಮ್ಮ ಕಡೆ ಇರಲಿಲ್ಲ. ಚೂರು ತಂದುಕೊಟ್ಟರೆ ಬೆಂಗಳೂರಿಗೆ ತಾವೇ ಕಳಿಸುವುದಾಗಿ ಹೇಳಿದರು. ಗಂಡ ಇನ್ನೂ ಬಸ್ಸಿನಲ್ಲಿ ಹೆಚ್ಚು ಹೊತ್ತು ಕೂರುವ ಹಾಗಿರಲಿಲ್ಲ, ಹೀಗಾಗಿ ನಾನೊಬ್ಬಳೇ ಹುಬ್ಬಳ್ಳಿಗೆ ಹೋದೆ. ಪುಟ್ಟ ಡಬ್ಬಿಯಲ್ಲಿ ಬಿಳಿ ಮೇಣ, ಅದರೊಳಗೆ ಉಗುರಿನಷ್ಟು ಕಂದು ಕಲೆ. ಕೊಟ್ಟವರು, "ಬಿಸಲಿಗೆ ಇಡಬ್ಯಾಡ್ರಿ, ಮೇಣ ಕರಗೀತು" ಎಂದರು. ಕಡು ಬೇಸಿಗೆ. ನನಗೆ ಗಾಬರಿಯಾಯಿತು.

ವಾಪಸು ಬರುವ ಬಸ್ಸಿನ ಡ್ರೈವರು ಗಂಡನ ಜೊತೆ ದುಡಿದವರು. "ವೈನಿ, ಒಬ್ಬರ ಬಂದೀರಲ್ಲ?" ಎಂದರು. ವಿಷಯ ಹೇಳಿದೆ. ಅವರು ನನ್ನನ್ನು ನೆರಳಿನ ಬದಿಗೆ ಕೂಡಿಸಿದರು. ಗದಗಿನಲ್ಲಿ ಪ್ಲಾಟ್‌ಫಾರ್ಮ್ ಬಿಟ್ಟು ಬೇವಿನ ಮರದ ಕೆಳಗೆ ಬಸ್ಸು ನಿಲ್ಲಿಸಿದರು. ಜನ ಗೊಣಗಿದರು. ಪಕ್ಕದಲ್ಲಿ ಹುಲಿಗಿಯ ದೇವಿಯ ದರ್ಶನಕ್ಕೆ ಹೊರಟಿದ್ದ ಮುದುಕಿಯೊಬ್ಬರು, "ಅದೇನ್ ಬಂಗಾರ ಹಿಡಕೊಂಡೀಯವ್ವ?" ಎಂದರು.

"ನಮ್ಮ ಮನಿಯವರ ಚೂರೈತ್ರಿ, ಆಯಿ" ಎಂದುಬಿಟ್ಟೆ. ಅವರು ಬೆಚ್ಚಿದರು. ಎಲ್ಲ ಹೇಳಿದ ಮೇಲೆ ಡಬ್ಬಿಯನ್ನು ತಮ್ಮ ಮಡಿಲಿಗೆ ತೆಗೆದುಕೊಂಡು ಸೆರಗು ಮುಚ್ಚಿದರು. "ಅವ್ವ ಕಾಯ್ತಾಳ, ನೀ ಮಕ್ಕೊ" ಎಂದರು. ಆಪರೇಷನ್ ಆದಾಗಿನಿಂದ ನನಗೆ ಸರಿಯಾಗಿ ನಿದ್ದೆ ಬಂದದ್ದು ಆ ಬಸ್ಸಿನಲ್ಲೇ. ಕೊಪ್ಪಳದಲ್ಲಿ ಡ್ರೈವರು ಸ್ಟಾಪ್ ಇಲ್ಲದ ಕಡೆ, ದವಾಖಾನೆಯ ಎದುರಿಗೇ ಇಳಿಸಿದರು.

ಬೆಂಗಳೂರಿನಿಂದ ಫಲಿತಾಂಶ ಛಲೋ ಬರಲಿಲ್ಲ. ತಿರುಗಿ ಬರುವ ಸಂಭವ ಹೆಚ್ಚು ಎಂದಿತ್ತು. ದವಾಖಾನೆಯ ಹೊರಗೆ ಕಟ್ಟೆಯ ಮೇಲೆ ಕುಳಿತು ಅತ್ತೆ. ಗಂಡ, "ಮುಂದ ಇಳಿಜಾರೈತಿ ಅಂತ ಬೋರ್ಡ್ ಹಾಕಿದ್ರ ಡ್ರೈವರ್ ಅಳತಾನೇನು? ಗೇರ್ ಇಳಸ್ತಾನ. ಏಳು, ಚಾ ಕುಡಿಯೂಣು" ಎಂದರು.

ಅಂದಿನಿಂದ ಡಾಕ್ಟರು ಹೇಳಿದಾಗಲೆಲ್ಲ ಅವರು ತಪ್ಪದೆ ಪರೀಕ್ಷೆಗೆ ರಕ್ತ ಕೊಟ್ಟರು. ಒಂದೆರಡು ವರ್ಷದ ಮೇಲೆ ರಕ್ತದಲ್ಲಿ ಈ ರೋಗದ ಸುಳಿವು ಕೊಡುವ ಅಂಶ ತುಸು ಏರಿತು. ನೋವಿರಲಿಲ್ಲ, ಮತ್ತೆ ಕೆಲಸಕ್ಕೆ ಸೇರಿ ಬಸ್ಸು ಓಡಿಸುತ್ತಲೇ ಇದ್ದರು. ಆ ಮೇಣದ ಚೂರು ಕೊಟ್ಟ ಎಚ್ಚರಿಕೆ ಇಲ್ಲದಿದ್ದರೆ ಅವರು ರಕ್ತಪರೀಕ್ಷೆಗೆ ಹೋಗುತ್ತಿರಲೇ ಇಲ್ಲ. ಕೂಡಲೇ ಹುಬ್ಬಳ್ಳಿಯಲ್ಲಿ ರೇಡಿಯೇಷನ್ ಕೊಟ್ಟರು. ಸುಸ್ತು, ಉರಿ ಎಲ್ಲ ಅನುಭವಿಸಿದರು, ಆದರೆ ಏರಿದ್ದು ಇಳಿಯಿತು. ಮತ್ತೆ ಏರಿಲ್ಲ.

ಆ ಡಾಕ್ಟರನ್ನು, ಆ ಡ್ರೈವರನ್ನು ಹಬ್ಬಕ್ಕೆ ಕರೆಯುತ್ತೇವೆ. ಆ ಆಯಿಯ ಊರು ಕೇಳಲಿಲ್ಲ, ಅದೊಂದು ಉಳಿಯಿತು.

ಗಂಡ ಈಗ ನಿವೃತ್ತರು. ಡಿಪೋದ ಕಡೆ ಯಾರಾದರೂ ಮೂತ್ರದ ತೊಂದರೆ ಎಂದು ಪಿಸುಗುಟ್ಟಿದರೆ ಸಾಕು, ಕೈ ಹಿಡಿದು ಕೊಪ್ಪಳಕ್ಕೆ ಕರೆದೊಯ್ಯುತ್ತಾರೆ. "ಆಮ್ಯಾಲೆ ನಾಚಕೋವಂತಿ, ಮೊದಲ ರಕ್ತ ಕೊಡು ನಡಿ" ಎನ್ನುತ್ತಾರೆ.