ಅಪ್ಪೆಹುಳಿಗೆ ಬೇಳೆ

ಲೋಟಕ್ಕೆ ಹಾಕಿಕೊಂಡು ಕುಡಿಯಲಿ ಎಂದು ನಾನು ಕಳಿಸಿದ್ದು ಅಪ್ಪೆಹುಳಿ. ಅರ್ಧ ಗಂಟೆಯಲ್ಲಿ ಅದೇ ಪಾತ್ರೆಯಲ್ಲಿ ಮರಳಿ ಬಂದದ್ದು ಬೇಳೆಸಾರು.

"ಹೊಸ ಸಂಸಾರ, ಪಾಪ. ಸಾರಿಗೆ ಬೇಳೆ ಹಾಕೋದೇ ಮರ್ತಿದ್ಯಲ್ಲಮ್ಮ ಸುಮಿತ್ರಾ! ನಾನೇ ತೊಗರಿಬೇಳೆ ಬೇಯ್ಸಿ ಹಾಕಿ ಕುದ್ಸಿದೀನಿ. ಮುದ್ದೆಗೆ ಚೆನ್ನಾಗಿರ್ತದೆ, ಬಿಸಿ ಇರೋವಾಗ್ಲೇ ಉಂಡ್ಬುಡಿ" ಎಂದು ಮನೆಯ ಮಾಲೀಕರಾದ ಗಂಗಮ್ಮ ಪಾತ್ರೆಯನ್ನು ನನ್ನ ಕೈಗಿಟ್ಟು ಹೊರಟೇಹೋದರು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬ ರೂಢಿ ನಮ್ಮಲ್ಲಿಯೂ ಇದೆ, ತುಮಕೂರಿನಲ್ಲಿಯೂ ಇದೆ. ಆದರೆ ಕೊಟ್ಟದ್ದನ್ನೇ ರಿಪೇರಿ ಮಾಡಿ ಹಿಂದಿರುಗಿಸುವುದನ್ನು ನಾನು ಕಂಡದ್ದು ಅಂದೇ.

ನಮ್ಮ ಕುಮಟೆಯ ಕಡೆಯವರಿಗೆ ಅಪ್ಪೆಹುಳಿ ಏನೆಂದು ಹೇಳಬೇಕಾಗಿಲ್ಲ. ಇಲ್ಲಿ ಮಾತ್ರ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಹುಳಿ ಮಾವಿನಕಾಯಿಯನ್ನು ಬೇಯಿಸಿ, ಕಿವುಚಿ, ಧಾರಾಳವಾಗಿ ನೀರು ಬೆರೆಸಿ, ಉಪ್ಪು, ಚೂರು ಬೆಲ್ಲ ಹಾಕಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ ಕೊಡುವುದು. ಊಟದ ಕೊನೆಗೆ ಒಂದು ಲೋಟ ಕುಡಿದರೆ ಕಣ್ಣು ತಾನಾಗಿಯೇ ಎಳೆಯುತ್ತದೆ. ಇಲ್ಲಿಯವರಿಗೆ ಮಾವಿನಕಾಯಿಯಿಂದ ಕುಡಿಯುವಂಥದ್ದು ಎಂದರೆ ಬೆಲ್ಲ, ಏಲಕ್ಕಿ ಹಾಕಿದ ಪಾನಕ. ಒಗ್ಗರಣೆ ಬಿತ್ತೆಂದರೆ ಅದು ಸಾರು, ಅಷ್ಟೇ.

ತೊಂಬತ್ತರ ದಶಕದ ನಡುವಿನ ಬೇಸಿಗೆ ಅದು. ನನ್ನವರಿಗೆ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ತುಮಕೂರಿನ ಬಟವಾಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದೆವು. ನಮ್ಮೂರಿನಲ್ಲಿ ಗಾಳಿ ಬೀಸಿದರೆ ಅಂಗಳಕ್ಕೆ ಮಾವಿನಕಾಯಿ ಬೀಳುತ್ತಿತ್ತು. ಇಲ್ಲಿ ಗಾಳಿ ಬೀಸಿದರೆ ಹೈವೇಯ ಧೂಳು ಬಂದು ಹಾಸಿಗೆಯ ಮೇಲೆ ಕೂರುತ್ತಿತ್ತು. ದಿನವಿಡೀ ಮಾತನಾಡಲು ಜನವಿಲ್ಲ. "ಮಳೆ ಹಿಡಿಯುವುದರೊಳಗೆ ಮನಸ್ಸು ನಿಲ್ಲದಿದ್ದರೆ ನಾನು ಅಮ್ಮನ ಮನೆಗೆ ಹೋಗುವವಳೇ" ಎಂದು ಗಂಡನಿಗೆ ಹೇಳಿಬಿಟ್ಟಿದ್ದೆ. ಬರೀ ಬೆದರಿಕೆಯಲ್ಲ, ಬಟ್ಟೆ ತುಂಬಿದ ಬ್ಯಾಗು ಮಂಚದ ಕೆಳಗೇ ಇತ್ತು.

ಪಕ್ಕದ ಮನೆಯ ಜುಬೇದಾ ತನ್ನ ತವರು ಗುಬ್ಬಿಯಿಂದ ನಾಟಿ ಮಾವಿನಕಾಯಿ ತಂದು ನಾಲ್ಕು ಕೊಟ್ಟಿದ್ದಳು. ತೊಟ್ಟು ಮುರಿದಾಗ ಬಂದ ಸೊನೆಯ ವಾಸನೆಗೆ ನನ್ನ ಎದೆ ತುಂಬಿ ಬಂತು. ಬಟವಾಡಿಗೆ ಬಂದ ಮೇಲೆ ಮೊದಲ ಸಲ ಸಂತೋಷದಿಂದ ಒಲೆ ಹಚ್ಚಿದೆ, ಮಾಡಿದ್ದರಲ್ಲಿ ಅರ್ಧ ಗಂಗಮ್ಮನಿಗೆ ಕಳಿಸಿದೆ. ಅದು ಬೇಳೆಸಾರಾಗಿ ಮರಳಿದಾಗ ಅಳು ತಡೆಯಲಾಗಲಿಲ್ಲ. ಮುಂದಿನ ಸೋಮವಾರವೇ ಊರಿನ ಬಸ್ಸು ಹತ್ತುವುದೆಂದು ನಿಶ್ಚಯಿಸಿದೆ.

ಮರುದಿನ ಬೆಳಗ್ಗೆ ಜುಬೇದಾ ಒಂದು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ನಿಮ್ಮನೇಲಿ ಬೇಳೆಗೂ ಕಷ್ಟ ಅಂತೆ, ಗಂಗಮ್ಮನೋರು ಹೇಳಿದ್ರು. ಇದು ಇಟ್ಕೊಳ್ಳಿ."

ಡಬ್ಬಿಯ ತುಂಬ ತೊಗರಿಬೇಳೆ. ನನಗೆ ನಗು ಉಕ್ಕಿತು. ನಿನ್ನೆಯಿಂದ ಅತ್ತು ಬಾತುಕೊಂಡ ಮುಖದಲ್ಲಿ ನಾನು ಬಿದ್ದುಬಿದ್ದು ನಗುವುದನ್ನು ಕಂಡು ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಉಳಿದಿದ್ದ ಎರಡು ಕಾಯಿಯಲ್ಲಿ ಮತ್ತೆ ಅಪ್ಪೆಹುಳಿ ಮಾಡಿ, ಮಧ್ಯಾಹ್ನ ಊಟವಾದ ಮೇಲೆ ಇಬ್ಬರನ್ನೂ ಕರೆದು, ಕಣ್ಣೆದುರೇ ಲೋಟಕ್ಕೆ ಹಾಕಿ ಕೊಟ್ಟೆ.

ಗಂಗಮ್ಮ ಒಂದು ಗುಟುಕು ಕುಡಿದು ಹುಬ್ಬು ಹಾರಿಸಿದರು. "ಹುಳಿ ಐತೆ, ಖಾರ ಐತೆ, ಒಗ್ಗರಣೆನೂ ಐತೆ. ಮುದ್ದೆ ಒಂದ್ ಇಲ್ಲ ಕಣಮ್ಮ!"

ಆದರೂ ಲೋಟ ಖಾಲಿ ಮಾಡಿ ಮತ್ತೆ ಮುಂದೆ ಚಾಚಿದರು.

ಎರಡು ದಿನದ ಮೇಲೆ ಕುಣಿಗಲ್‌ನಿಂದ ಅವರ ತಮ್ಮ ಒಂದು ಬುಟ್ಟಿ ರಸಪುರಿ ಕಳಿಸಿದ್ದ. ಬಲಿತ ಕಾಯಿ, ಇನ್ನೂ ಹಣ್ಣಾಗಿರಲಿಲ್ಲ. ಗಂಗಮ್ಮ ಬುಟ್ಟಿಯ ಜೊತೆ ಒಂದು ಹೊರೆ ಹುಲ್ಲನ್ನೂ ಹೊತ್ತುಕೊಂಡು ಸೀದಾ ನನ್ನ ಮಲಗುವ ಕೋಣೆಗೆ ನುಗ್ಗಿದರು.

"ನಮ್ಮನೇಲಿ ಜಾಗ ಇಲ್ಲ. ನಿನ್ ಮಂಚದ ಕೆಳಗೆ ಹಾಕ್ತೀನಿ. ಈ ಬ್ಯಾಗ್ ಯಾಕಿಲ್ಲಿ? ತೆಗಿ ಅತ್ಲಾಗೆ."

"ಸೋಮವಾರ ಊರಿಗೆ ಹೋಗ್ತೇನೆ, ಅಮ್ಮ."

"ಹೋಗ್ಬುಟ್ರೆ ದಿನಾ ಹಣ್ಣು ತಿರುವಿಹಾಕೋರು ಯಾರು? ಒಂದು ಕೊಳೆತ್ರೆ ಬುಟ್ಟಿನೇ ಹೋಯ್ತದೆ. ಸೀಕರಣೆ ತಿಂದ್ಕೊಂಡು ಹೋಗುವಂತೆ."

ಬ್ಯಾಗು ಅಟ್ಟ ಸೇರಿತು. ನಾನು ದಿನಕ್ಕೆರಡು ಸಲ ನೆಲಕ್ಕೆ ಬಗ್ಗಿ, ಹುಲ್ಲು ಸರಿಸಿ, ಒಂದೊಂದನ್ನೇ ಒತ್ತಿ ನೋಡುತ್ತಿದ್ದೆ. ಹಾಗೆ ನೋಡುವ ನೆಪದಲ್ಲಿ ಗಂಗಮ್ಮನೂ ಬರುತ್ತಿದ್ದರು, ಜುಬೇದಾಳೂ ಬರುತ್ತಿದ್ದಳು. ಬಂದವರು ಬೇಗ ಹೋಗುತ್ತಿರಲಿಲ್ಲ. ಹಣ್ಣಾದ ದಿನ ಮೂವರೂ ಕೂತು ರಸ ಹಿಂಡಿದೆವು. ಹಿಂಡಿ ಉಳಿದ ವಾಟೆಗಳನ್ನು ಹಾಲಿನಲ್ಲಿ ತೊಳೆದು ಆ ಹಾಲನ್ನೂ ರಸಕ್ಕೇ ಸುರಿದು, ಸಕ್ಕರೆ, ಏಲಕ್ಕಿ ಬೆರೆಸಿದರೆ ಸೀಕರಣೆ. ನಮ್ಮಲ್ಲಿ ಹಸುವಿನ ಹಾಲಿನ ಬದಲು ತೆಂಗಿನ ಕಾಯಿಹಾಲು ಹಾಕುತ್ತೇವೆ ಎಂದೆ. "ಎಲ್ಲದಕ್ಕೂ ಕಾಯಿನೇ ಏನ್ಲೇ ನಿಮ್ಗೆ!" ಎಂದು ಗಂಗಮ್ಮ ಬೆನ್ನಿಗೊಂದು ಗುದ್ದಿದರು. ನನ್ನನ್ನು 'ಏನ್ಲೇ' ಎಂದದ್ದು ಅದೇ ಮೊದಲು. ಗಂಗಮ್ಮ ಮಾಡಿ ತಂದಿದ್ದ ಹೋಳಿಗೆಯನ್ನು ಸೀಕರಣೆಯಲ್ಲಿ ಅದ್ದುತ್ತಿದ್ದಾಗ ಹೊಳೆಯಿತು, ಸೋಮವಾರ ಕಳೆದು ಎರಡು ದಿನವಾಗಿತ್ತು. ಅಷ್ಟು ಖುಷಿ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಈಗ ಹತ್ತು ವರ್ಷ ದಾಟಿದೆ. ಪ್ರತಿ ಬೇಸಿಗೆಯಲ್ಲೂ ಅಮ್ಮನಿಗೆ ರಸಪುರಿ ಒಯ್ಯುತ್ತೇನೆ, ಬರುವಾಗ ಗಂಗಮ್ಮನಿಗೆ ಅಪ್ಪೆಕಾಯಿ ತರುತ್ತೇನೆ. ಊಟ ಮುಗಿದೊಡನೆ ಅವರು ಗೋಡೆಯಾಚೆಯಿಂದ ಕೂಗುತ್ತಾರೆ: "ಸುಮಿತ್ರಾ, ಬೇಳೆ ಇಲ್ದಿದ್ದು ಒಂದ್ ಲೋಟ ಕೊಡಮ್ಮ!"

ಈ ಸಲ ಊರಿಗೆ ಹೋದಾಗ, ಅಪ್ಪೆಹುಳಿ ನಾನೇ ಮಾಡುತ್ತೇನೆಂದು ಹಟ ಹಿಡಿದು ಒಲೆಯ ಮುಂದೆ ನಿಂತೆ. ಅಮ್ಮ ಲೋಟ ಎತ್ತಿ ಒಂದು ಗುಟುಕು ಕುಡಿದು, ಲೋಟದೊಳಗೆ ಇಣುಕಿ ನೋಡಿದಳು.

"ಇದೆಂತದೇ ಕೂಸೆ, ಅಪ್ಪೆಹುಳಿಗೆ ಬೇಳೆ ಹಾಕಿದ್ಯನೇ?"

ಹಾಕಿದ್ದೆ. ಯಾವಾಗ ಹಾಕಿದೆನೋ ನನಗೇ ತಿಳಿಯದು. ಪಂಕ್ತಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು, ನಾನೂ ನಕ್ಕೆ. ನಗುನಗುತ್ತಲೇ ಎದ್ದು ಹೋಗಿ, ಅಮ್ಮನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ರಾಗಿಹಿಟ್ಟು ಹುಡುಕತೊಡಗಿದೆ.