ಬಿಳಿ ಕೌದಿಗೆ ಕೆಂಪು ಅಂಚು

ಬಟ್ಟೆ ಅಂಗಡಿಗೆ ಹೋಗುವವರಿಗೆ ನನ್ನದೊಂದು ಮಾತು: ಉಂಡು ಹೋಗಿ. ಹಸಿದವರಿಗೆ ಚೌಕಾಸಿ ಮಾಡುವ ತಾಳ್ಮೆ ಇರುವುದಿಲ್ಲ, ಅಂಗಡಿಯವನಿಗೆ ಅದು ಮುಖ ನೋಡಿದ ಕೂಡಲೇ ತಿಳಿದುಬಿಡುತ್ತದೆ. ಬೇಕಾದ ಬಟ್ಟೆಯನ್ನು ಮೊದಲು ಮುಟ್ಟಬೇಡಿ. ಅದರ ಪಕ್ಕದ್ದನ್ನು ಮುಟ್ಟಿ, ನೂಲು ಎಳೆದು ನೋಡಿ, ಮೂಗು ಮುರಿದು ಬಿಡಿ. ಅವನು ‘ಆಗಂಗಿಲ್ರಿ’ ಅಂದರೆ ಎದ್ದು ಚಪ್ಪಲಿ ಹಾಕಿಕೊಳ್ಳಿ. ಎರಡನೆಯ ಚಪ್ಪಲಿಗೆ ಕಾಲು ತೂರಿಸುವಷ್ಟರಲ್ಲಿ ಕರೆಯುತ್ತಾನೆ. ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿಯುತ್ತಾ ಮೂವತ್ತು ವರ್ಷದ ಮೇಲಾಯಿತು, ಕರೆಯದೆ ಬಿಟ್ಟವರನ್ನು ನಾನು ಕಂಡಿಲ್ಲ.

ನನ್ನ ತಪ್ಪಿನ ಬೇರು ಇಲ್ಲೇ ಇತ್ತು. ಅಂಗಡಿಯಲ್ಲಿ ‘ಬ್ಯಾಡ’ ಅನ್ನುವುದು, ‘ಆಗಲ್ಲ’ ಅನ್ನುವುದು ಮಾತಿನ ಶುರು. ಅಲ್ಲಿಂದ ಮುಂದಕ್ಕೆ ಎಳೆಯಬೇಕು. ಇಷ್ಟು ವರ್ಷ ಎಳೆದೂ ಎಳೆದೂ, ಯಾರಾದರೂ ನಿಜವಾಗಿ ‘ಬ್ಯಾಡ’ ಅಂದರೂ ನನ್ನ ಕಿವಿಗೆ ಅದು ‘ಸ್ವಲ್ಪ ತಡಿ’ ಅಂತಲೇ ಕೇಳುತ್ತಿತ್ತು.

ಈ ಬೇಸಿಗೆಯಲ್ಲಿ ಹಡಗಲಿಯಿಂದ ಒಬ್ಬಾಕೆ ಕೂಡ್ಲಿಗಿಗೆ ನನ್ನ ಮನೆ ಹುಡುಕಿಕೊಂಡು ಬಂದರು. ಸರ್ಕಾರಿ ನರ್ಸಾಗಿ ಹಳ್ಳಿ ಹಳ್ಳಿ ತಿರುಗಿ ನಿವೃತ್ತರಾದವರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಬೆನ್ನು ಮಾತ್ರ ನನಗಿಂತ ನೆಟ್ಟಗೆ. ಚೀಲದಿಂದ ಏಳು ಬಿಳಿ ಸೀರೆ ತೆಗೆದು ನನ್ನ ಮುಂದಿಟ್ಟರು. ತೊಳೆದು ತೊಳೆದು ಹಾಲಿನ ಕೆನೆಯಂತಾದ ಹತ್ತಿ ಸೀರೆ.

“ಇವನ್ನ ಉಟ್ಕಂಡೇ ನಾನು ಕೆಲಸ ಮಾಡಿದ್ದು ನೋಡವ್ವಾ. ನಮ್ಮ ಮನಿತನದಾಗ ಸಂಬಳ ತಂದ ಮೊದಲ್ನೇ ಹೆಣ್ಮಗಳು ನಾನು. ಮಗಳಿಗೆ ಕೂಸಾಗೇತಿ. ಹೆಸರಿಡೋ ದಿನ ಇದರ ಮ್ಯಾಲೆ ಮಲಗಿಸ್ಬೇಕು. ಬರೀ ಬಿಳೀದ ಹೊಲಿ. ಬಣ್ಣ ಬ್ಯಾಡ.”

ಕೂಸಿಗೆ ಬರೀ ಬಿಳಿ? ನಮ್ಮ ಮನೆಗಳಲ್ಲಿ ಯಾರೂ ಹಾಸುವುದಿಲ್ಲ. “ಅಕ್ಕಾರ, ಸುತ್ತಲೂ ಒಂದು ಕೆಂಪು ಅಂಚು ಕೊಡ್ತೀನ್ರಿ, ಲಕ್ಷಣ ಇರ್ತೈತಿ,” ಅಂದೆ.

“ಬ್ಯಾಡ.”

“ಅಂಚಿನ ಬಟ್ಟಿ ನಂದ ರೀ. ಅದಕ್ಕ ಬ್ಯಾರೆ ರೊಕ್ಕ ಕೇಳಂಗಿಲ್ಲ.”

“ಬ್ಯಾಡಂದ್ನಲ್ಲವ್ವಾ.”

“ಆತು ಬಿಡ್ರಿ, ನೋಡೂಣು.”

“ನೋಡೋದೇನೈತಿ? ಬ್ಯಾಡ.” ಹೊಸ್ತಿಲು ದಾಟುವಾಗ ಒಂದು ಷರತ್ತು ಬೇರೆ ಹಾಕಿದರು: “ಹೊಲಿದ ಮ್ಯಾಲೆ ಕುದಿಯೋ ನೀರಾಗ ಅದ್ದಿ, ಬಿಸಿಲಿಗೆ ಒಣಗಿಸಿ ಕೊಡು. ಹಸಿಗೂಸಿನ ಮೈಗೆ ತಾಗೋದು.”

ಪುಕ್ಕಟೆ ಇಸಿದುಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದಾರೆ, ಅದಕ್ಕೇ ಬೇಡ ಅನ್ನುತ್ತಿದ್ದಾರೆ ಅಂದುಕೊಂಡೆ. ಅಂಚು ಹಚ್ಚಿ ಕೊಟ್ಟರೆ ಕಣ್ಣರಳಿಸಿ ನೋಡುತ್ತಾರೆ ಅಂದುಕೊಂಡೆ. ಕೇಳಲಿಲ್ಲ.

ಕೆಂಪು ಬಟ್ಟೆಗೆ ಕೊಟ್ಟೂರಿಗೆ ಹೋದೆ. ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆಯಾದ ಮೇಲೆ ಕೂರಲು ಜಾಗ ಸಿಗುವುದು ಅಪರೂಪ. ಕಂಬಿ ಹಿಡಿದು ನಿಂತೇ ಹೋದೆ. ಮೊದಲಾದರೆ ಈ ದಾರಿಯಲ್ಲಿ ನನಗೆ ಕೌದಿಯೇ ಕೌದಿ ಕಾಣುತ್ತಿತ್ತು. ಉತ್ತ ಹೊಲದ ಪಕ್ಕ ಉಳದ ಹೊಲ, ಅದರಾಚೆ ಮೆಕ್ಕೆಜೋಳ. ಕೆಂಪು ಮಣ್ಣು ಮುಗಿದು ಕಪ್ಪು ಮಣ್ಣು ಶುರುವಾಗುವಲ್ಲಿ ಯಾರೂ ಗೆರೆ ಎಳೆದಿರುವುದಿಲ್ಲ, ಆದರೂ ಎರಡು ಬಣ್ಣ ಜಗಳವಾಡುವುದಿಲ್ಲ. ಹಾಗೆ ತುಂಡು ಕೂಡಿಸುವುದನ್ನು ಆ ಹೊಲಗಳನ್ನು ನೋಡಿಯೇ ಕಲಿತೆ. ಹೆಂಚಿನ ಮನೆಯ ಮಾಡು, ಅಂಗಡಿ ಮೆಟ್ಟಿಲಿನ ಕಲ್ಲು, ಮಾರಲು ಹರಡಿದ ಮೆಣಸಿನಕಾಯಿ, ಎಲ್ಲವನ್ನೂ ಮನೆಗೆ ಬಂದು ಸೂಜಿಯಲ್ಲಿ ಹಾಕಿ ನೋಡುತ್ತಿದ್ದೆ. ಈಗ ಬಸ್ಸಿನಿಂದ ಇಳಿದ ಕೂಡಲೇ ಕಣ್ಣು ಹುಡುಕುವುದು ಕೂರಲು ಒಂದು ಕಟ್ಟೆ.

ಅಂಗಡಿಯವನು ಗುರುತಿನವನೇ. “ಬಣ್ಣ ಹೋಗಂಗಿಲ್ಲೇನ್ರಿ ಸಾವ್ಕಾರ್ರ?” ಅಂದೆ.

“ಬಟ್ಟಿ ಹರಿದು ಹೋದೀತು, ಬಣ್ಣ ಹೋಗಂಗಿಲ್ರಿ ಅಮ್ಮಾರ.”

ಬೆರಳಿಗೆ ಉಗುಳು ಹಚ್ಚಿ ತಿಕ್ಕಿ ನೋಡಿದೆ. ಬಣ್ಣ ಬರಲಿಲ್ಲ. ಚಪ್ಪಲಿ ಹಾಕಿದೆ, ಕರೆದ, ಕೊಂಡೆ. ಗೆದ್ದೆ ಅಂದುಕೊಂಡು ಬಂದೆ.

ಹೊಲಿಗೆ ಕಲಿಯುವ ಹುಡುಗಿಯರಿಗೆ ನಾನು ಮೊದಲು ಹೇಳುವ ಪಾಠ ಇದು: ಹಳೆಯ ಬಟ್ಟೆ ಬಿಡುವ ಬಣ್ಣವನ್ನೆಲ್ಲ ಬಿಟ್ಟು ಮುಗಿಸಿರುತ್ತದೆ, ಅದನ್ನು ನಂಬಬಹುದು. ಹೊಸ ಬಟ್ಟೆಯನ್ನು ನಂಬಬಾರದು. ಉಪ್ಪು ನೀರಲ್ಲಿ ಒಂದು ರಾತ್ರಿ ನೆನೆಹಾಕಿ, ಹಿಂಡಿ, ಒಣಗಿಸಿಯೇ ಹಳೆಯದರ ಜೊತೆ ಕೂಡಿಸಬೇಕು. ಅವತ್ತು ತುಂಬಿದ ಬಕೆಟ್ಟು ಎತ್ತಲು ಮಣಿಕಟ್ಟು ಒಪ್ಪಲಿಲ್ಲ. ಬೆರಳಿನ ಪರೀಕ್ಷೆ ಸಾಕು ಅಂತ ನೇರ ಹೊಲಿಯಲು ಕುಳಿತೆ.

ಇಪ್ಪತ್ತೆರಡು ದಿನ ಹೊಲಿದೆ. ಬಿಳಿಯ ಮೇಲೆ ಬಿಳಿ ದಾರ, ಕಣ್ಣಿಗೆ ಹೊಲಿಗೆಯೇ ಕಾಣುವುದಿಲ್ಲ, ಬೆರಳಿನಿಂದ ಹುಡುಕಿ ಹುಡುಕಿ ಹಾಕಬೇಕು. ಕೊನೆಗೆ ಸುತ್ತ ಕೆಂಪು ಅಂಚು. ಒಂದು ಮೂಲೆಯಲ್ಲಿ ಮಾತ್ರ ನಾಲ್ಕು ಬೆರಳಿನಷ್ಟು ಬಾಯಿ ಬಿಟ್ಟಿದ್ದೆ. ಕೌದಿ ನನ್ನ ಕೈ ಬಿಡುವ ದಿನ ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು ಬಾಯಿ ಹೊಲಿಯುವುದು ನಮ್ಮವ್ವ ಕಲಿಸಿದ ಪದ್ಧತಿ. ಕೌದಿ ಹಸಿದುಕೊಂಡು ಹೋಗಬಾರದಂತೆ.

ಆಮೇಲೆ ಷರತ್ತಿನ ಪ್ರಕಾರ ಕುದಿಯುವ ನೀರಿಗೆ ಅದ್ದಿದೆ. ನೀರು ಕುಂಕುಮದಂತಾಯಿತು. ಗಾಬರಿಯಲ್ಲಿ ಕೈ ಸುಟ್ಟುಕೊಂಡು ಎಳೆದು ತೆಗೆದೆ. ಅಂಚಿನಿಂದ ಒಳಗೆ ಒಂದು ಗೇಣು, ನಾಲ್ಕೂ ಕಡೆ ಬಿಳಿ ಹೋಗಿ ಗುಲಾಬಿಯಾಗಿತ್ತು. ಉಪ್ಪು ಹಾಕಿದೆ, ನಿಂಬೆಹಣ್ಣು ತಿಕ್ಕಿದೆ. ಹೋಗಲಿಲ್ಲ. ಹೆಸರಿಡುವುದಕ್ಕೆ ಐದು ದಿನ ಇತ್ತು, ಆ ಏಳು ಸೀರೆ ಇನ್ನೆಲ್ಲೂ ಸಿಗುವಂಥದ್ದಲ್ಲ.

ನಿಜ ಹೇಳುತ್ತೇನೆ, ಮೊದಲು ಬಂದದ್ದು ಮುಚ್ಚಿಹಾಕುವ ಯೋಚನೆ. ಅಂಥದ್ದೇ ಬಿಳಿ ಬಟ್ಟೆ ತಂದು ಸುತ್ತಲಿನ ತುಂಡು ಬದಲಿಸಿದರೆ ಯಾರಿಗೆ ಗೊತ್ತಾಗುತ್ತದೆ? ಮರುದಿನವೇ ಕೌದಿಯನ್ನು ಚೀಲಕ್ಕೆ ತುರುಕಿಕೊಂಡು ಹೊರಟೆ. ಕೂಡ್ಲಿಗಿಯಲ್ಲಿ ಸಿಕ್ಕ ಬಿಳಿ ನೀಲಿಗೆ ತಿರುಗಿತ್ತು, ಪಕ್ಕಕ್ಕೆ ಇಟ್ಟರೆ ಕಣ್ಣಿಗೆ ಹೊಡೆಯುತ್ತಿತ್ತು. ಹಗರಿಬೊಮ್ಮನಹಳ್ಳಿಗೆ ಹೋದೆ. ಅಲ್ಲಿಯ ಮುದುಕ ಅಂಗಡಿಯವನು ಬಿಳಿ ಅಂದ ಕೂಡಲೇ ದನಿ ಇಳಿಸಿದ.

“ಯಾವಾಗ ಹೋದ್ರು ರೀ?”

“ಯಾರ್ರೀ?”

“ಅಲ್ಲ, ಮನ್ಯಾಗ...”

“ಯಾರೂ ಹೋಗಿಲ್ರೀ ಯಜಮಾನ್ರ, ಕೂಸು ಬಂದೈತಿ!”

“ಕೂಸಿಗ್ಯಾಕ್ರಿ ಬಿಳೀದು? ಕೆಂಪು ಕೊಡ್ತೀನಿ ತಡೀರಿ, ಲಕ್ಷಣ ಇರ್ತೈತಿ.”

ನನ್ನ ಮಾತೇ ನನಗೆ ತಿರುಗಿ ಬಂದಿತ್ತು. ನಗು ಬರಲಿಲ್ಲ. “ಬ್ಯಾಡ್ರಿ” ಅಂದೆ. ಅವನು ಕೇಳಿಸಿಕೊಳ್ಳದೆ ಕೆಂಪಿನ ಥಾನು ಬಿಚ್ಚತೊಡಗಿದ.

ಹರಪನಹಳ್ಳಿ ಮುಟ್ಟುವಾಗ ಮಧ್ಯಾಹ್ನದ ಬಿಸಿಲು. ಮೂರನೆಯ ಅಂಗಡಿಯಲ್ಲಿ ಕೊನೆಗೂ ಸಿಕ್ಕಿತು, ಕೆನೆ ಬಣ್ಣದ ತೆಳು ಹತ್ತಿ ಬಟ್ಟೆ. ಅವತ್ತು ನಾನು ಹಸಿದಿದ್ದೆ, ಚಪ್ಪಲಿಯ ಆಟ ಆಡಲಿಲ್ಲ, ಕೇಳಿದ ಬೆಲೆಗೇ ಕೊಂಡೆ. ಬಸ್ ನಿಲ್ದಾಣದ ಕಲ್ಲಿನ ಮೇಲೆ ಕುಳಿತು ಕೌದಿಯ ಪಕ್ಕ ಇಟ್ಟು ನೋಡಿದೆ. ಬಣ್ಣ ಕೂಡಿತು. ಕಣ್ಣು ಮುಚ್ಚಿ ಎರಡನ್ನೂ ಸವರಿದೆ. ಹೊಸದು ಗಂಜಿ ಹಾಕಿದ ಕಾಗದ. ಸೀರೆ ಹಾಗಲ್ಲ, ಮೂವತ್ತು ವರ್ಷ ಒಬ್ಬರ ಮೈಮೇಲೆ ಸವೆದದ್ದು. ಆಕೆಯ ಕೈ ಎಷ್ಟು ಕೂಸುಗಳ ಮೈ ಸವರಿದ ಕೈ! ಅದಕ್ಕೆ ಇದು ತಿಳಿಯದೆ ಇರುತ್ತದೆಯೇ?

ಕೂಡ್ಲಿಗಿಯ ಬಸ್ಸು ಬಂತು, ಹೋಯಿತು. ನಾನು ಹಡಗಲಿಯ ಬಸ್ಸು ಹತ್ತಿದೆ.

ನರ್ಸಮ್ಮ ಪಡಸಾಲೆಯಲ್ಲಿ ಕೌದಿ ಹರಡಿಕೊಂಡು ಗುಲಾಬಿ ಕಲೆಯನ್ನು ಮೂಲೆಯಿಂದ ಮೂಲೆಗೆ ಬೆರಳಲ್ಲಿ ಸವರುತ್ತಾ ಹೋದರು. ಒಳಗೆ ಕೂಸು ಅಳುತ್ತಿತ್ತು. ಹಗ್ಗದ ಮೇಲೆ ಇನ್ನೊಂದು ಬಿಳಿ ಸೀರೆ ಒಣಗುತ್ತಿತ್ತು, ಅದೇ ಜಾತಿಯದು. ನನ್ನ ಹಾಳು ಕಣ್ಣು ಅದನ್ನು ಅಳೆದೇಬಿಟ್ಟಿತು: ಕಲೆಯಾದ ನಾಲ್ಕೂ ಕಡೆಗೆ ಸಾಕಾಗುತ್ತದೆ. ಬಾಯಿ ಮಾತ್ರ ಬಿಗಿ ಹಿಡಿದೆ.

“ಅಂಚು ಬ್ಯಾಡ ಅಂದಿದ್ದೆ.”

“ಅಂದಿದ್ರಿ.”

“ಎಷ್ಟು ಸಲ?”

“ಎರಡು ಸಲರಿ.”

“ಮೂರು. ಲೆಕ್ಕ ನಂಗೈತಿ.” ಕನ್ನಡಕ ತೆಗೆದು ಒರೆಸಿಕೊಂಡರು. “ನಾವು ಬೌದ್ಧರವ್ವಾ. ಹೆಸರಿಡೋ ದಿನ ನಮ್ಮ ಮನ್ಯಾಗ ಸಣ್ಣವರು ದೊಡ್ಡವರು ಎಲ್ಲಾರೂ ಬಿಳೀದ ಉಡ್ತೀವಿ. ಹಗ್ಗದ ಮ್ಯಾಲಿನ ಸೀರಿ ನಾನು ಅವತ್ತು ಉಡಾಕ ಇಟ್ಕಂಡಿದ್ದು. ನಿಮಗ ಕೆಂಪು ಹೆಂಗೋ ನಮಗ ಬಿಳೀದು ಹಂಗ.”

“ಅವತ್ತ ಇದನ್ನ ಹೇಳಿದ್ರ ನಾನು...”

“ಯಾಕ ಹೇಳ್ಬೇಕು? ಬ್ಯಾಡ ಅಂದ್ರ ಸಾಕಾಗಂಗಿಲ್ಲೇನು ನಿನಗ?”

ಚೀಲದಿಂದ ಹೊಸ ಬಟ್ಟೆ ತೆಗೆದು ತೋರಿಸಿದೆ, ಏನು ಮಾಡಲು ಹೊರಟಿದ್ದೆ ಅಂತಲೂ ಹೇಳಿದೆ. ಅವರು ಒಮ್ಮೆ ಮುಟ್ಟಿ ಪಕ್ಕಕ್ಕೆ ಸರಿಸಿದರು.

“ಇದ್ಯಾರ ಬಟ್ಟಿ? ನಂದಲ್ಲ.” ಆಮೇಲೆ ಕೌದಿಯ ಕಲೆಯ ಮೇಲೆ ಗೇಣು ಇಟ್ಟು ಅಳೆದರು. “ಕೆಂಪು ಬಿಚ್ಚು. ಕತ್ತರಿ ಹಾಕಬ್ಯಾಡ. ಕಲೆ ಆದಷ್ಟು ಒಳಗ ಮಡಚಿ ಹೊಲಿ.”

“ಸಣ್ಣದಾಕ್ಕೈತ್ರಿ ಅಕ್ಕಾರ.”

“ಕೂಸೇನು ಆರಡಿ ಐತೇನು? ಸಣ್ಣದಾಗ್ಲಿ, ಬಿಳೀದಿರಲಿ.”

ಮೂರು ದಿನ ಅವರ ಮನೆಯಲ್ಲೇ ಕುಳಿತೆ. ಒಂದು ದಿನ ಪೂರ್ತಿ ನಾನೇ ಹಾಕಿದ ಹೊಲಿಗೆ ನಾನೇ ಬಿಚ್ಚಿದೆ. ಹಾಕುವುದಕ್ಕಿಂತ ಬಿಚ್ಚುವುದಕ್ಕೆ ಬೆನ್ನು ಜಾಸ್ತಿ ನೋಯುತ್ತದೆ, ಇದನ್ನು ಯಾರೂ ಕಲಿಸುವುದಿಲ್ಲ. ನರ್ಸಮ್ಮ ಸೂಜಿಗೆ ದಾರ ಪೋಣಿಸಿ ಕೊಡುತ್ತಾ ಪಕ್ಕದಲ್ಲೇ ಇದ್ದರು. ಒಮ್ಮೆ ನನ್ನ ಮಣಿಕಟ್ಟು ಹಿಡಿದು ಹಿಸುಕಿ ನೋಡಿ, “ಬಾವು ಬಂದೈತಿ. ತೋರಿಸ್ಕಾ. ಎಲ್ಲಾರಿಗೂ ಬುದ್ಧಿ ಹೇಳ್ತಿ, ನಿನಗ ಹೇಳಾರು ಯಾರು?” ಅಂದರು. ಅದು ಬೈಗುಳವೋ ಕಾಳಜಿಯೋ ತಿಳಿಯಲಿಲ್ಲ. ಕೇಳುವಷ್ಟು ಶಕ್ತಿಯೂ ಇರಲಿಲ್ಲ.

ಮೂರನೆಯ ದಿನ ಸಂಜೆಗೆ ಮುಗಿಯಿತು. ಮೊದಲಿನ ಅರ್ಧದಷ್ಟೂ ಇಲ್ಲ, ಅಂಚಿನಲ್ಲಿ ಮಡಿಕೆ ದಪ್ಪ. ಆದರೆ ಮೇಲೆ ಎಲ್ಲೂ ಕೆಂಪಿಲ್ಲ. ಈ ಸಲವೂ ಒಂದು ಮೂಲೆಯಲ್ಲಿ ನಾಲ್ಕು ಬೆರಳಿನ ಬಾಯಿ ಬಿಟ್ಟಿದ್ದೆ. ಅಡುಗೆಮನೆಗೆ ಹೋಗಿ ಬೆಳಗಿನ ಜೋಳದ ರೊಟ್ಟಿಯಿಂದ ಒಂದು ಚೂರು ಮುರಿದುಕೊಂಡು ಬಂದೆ.

“ಅದ್ಯಾಕವ್ವಾ?” ಅಂದರು.

ಪದ್ಧತಿ ಹೇಳಿದೆ. ಅವ್ವ ಕಲಿಸಿದ್ದು, ಇವತ್ತಿನವರೆಗೆ ಒಂದು ಕೌದಿಗೂ ತಪ್ಪಿಸಿಲ್ಲ ಅಂತ ಹೇಳಿದೆ.

“ಹಸಿಗೂಸಿನ ಹಾಸಿಗ್ಯಾಗ ರೊಟ್ಟಿ ಇಡ್ತಿಯಾ? ಇರುವಿ ಮುತ್ತಿದ್ರ? ಬ್ಯಾಡ.”

ನಾಲಿಗೆ ತುದಿಗೆ ಬಂದಿತ್ತು: ಅಕ್ಕಾರ, ಒಂದು ಕಾಳಿನಷ್ಟು, ಒಣಗಿದ್ದು, ಇರುವೆಗೂ ಗೊತ್ತಾಗಂಗಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ರೊಟ್ಟಿ ಚೂರನ್ನು ನನ್ನ ಬಾಯಿಗೆ ಹಾಕಿಕೊಂಡೆ. ಅಗಿಯುತ್ತಲೇ ಕೌದಿಯ ಬಾಯಿ ಹೊಲಿದೆ.