ಚಿಪ್ಪಿನ ಸದ್ದು

ಚಿಲೊಯೆ ದ್ವೀಪದ ಕೊರೆಯುವ ಕಡಲಲ್ಲಿ ಚಿಪ್ಪುಮೀನಿಗಾಗಿ ಮುಳುಗಿ ಮುಳುಗಿ ಇಲಾರಿಯೊನ ಕಿವಿಯೊಳಗೆ ಮೂಳೆ ಬೆಳೆದಿತ್ತು. ಬೇಸಿಗೆಯಲ್ಲಿ ಹೇಗೋ ಕೇಳಿಸುತ್ತಿತ್ತು. ಚಳಿಗಾಲದ ಉತ್ತರದ ಗಾಳಿ ಎದ್ದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದವು.

ಚಳಿಗಾಲದಲ್ಲಿ ದೋಣಿ ಬಿಡುವ ಮುನ್ನ, ದಡದಲ್ಲಿ ಎಲ್ಲರೆದುರು ಒಬ್ಬೊಬ್ಬನ ಬೆನ್ನ ಹಿಂದೆ ಎರಡು ಚಿಪ್ಪು ತಟ್ಟುವುದು ಅಲ್ಲಿನ ವಾಡಿಕೆ. ತಿರುಗಿ ನೋಡದವನು, ಮುಳುಗಿದವನಿಗೆ ಕೊಳವೆಯಲ್ಲಿ ಗಾಳಿ ಊದುವ ಮಷೀನನ್ನು ಮುಟ್ಟುವಂತಿಲ್ಲ. ಇಲಾರಿಯೊ ಎದುರಿಗಿದ್ದವರ ಕಣ್ಣು ನೋಡಿಕೊಂಡೇ ಸರಿಯಾಗಿ ತಿರುಗುತ್ತಿದ್ದ. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಸಾಯುವುದು ಮೇಲು ಅಂದುಕೊಂಡಿದ್ದ. ಸಾವಿನ ಬಾಯಿಗೆ ಹೋಗಿ ಬರುವ ಸರದಿ ಮಾತ್ರ ಭಾವಮೈದನಿಗೆ ಬಂತು.

ಆ ದಿನ ದೋಣಿಯಲ್ಲಿ ಇಬ್ಬರೇ. ಭಾವಮೈದ ನೊಲ್ಬೆರ್ತೊ ತಳದಲ್ಲಿದ್ದಾಗ ಮಷೀನು ನಿಂತಿತು. ಇಲಾರಿಯೊ ಅದಕ್ಕೆ ಬೆನ್ನು ಹಾಕಿ ಬಲೆ ಹೊಲಿಯುತ್ತಿದ್ದ. ನೊಲ್ಬೆರ್ತೊ ಮೂಗಿನಲ್ಲಿ ರಕ್ತ ಸುರಿಸುತ್ತ ಮೇಲೆದ್ದು ಬಂದವನೇ, ಮುಳುಗಲು ಭಾರಕ್ಕೆಂದು ಸೊಂಟಕ್ಕೆ ಕಟ್ಟಿದ್ದ ಸೀಸದ ಪಟ್ಟಿ ಬಿಚ್ಚಿ ಅವನ ದವಡೆಗೆ ಬೀಸಿದ. ಹಲ್ಲು ಉದುರಿದವು. ಜುಟ್ಟು ಹಿಡಿದು ಮುಖವನ್ನು ಹಲಗೆಗೆ ಅಪ್ಪಳಿಸಿದ.

"ನನ್ನ ಕೊಂದು ಅಕ್ಕಂಗೆ ಏನಂತ ಹೇಳ್ತಿದ್ದೆ ಭಾವ?"

ಇಲಾರಿಯೊನಿಗೆ ಬರೀ ತುಟಿ ಅಲುಗಿದ್ದು ಕಂಡಿತು. ರಕ್ತ ಉಗುಳಿ ಕೂಗಿದ: "ಯಾಕೋ ಹೊಡೀತೀಯ? ಮಷೀನು ಚೆನ್ನಾಗೇ ಓಡ್ತಿದೆಯಲ್ಲೋ!"

ನೊಲ್ಬೆರ್ತೊನ ಎತ್ತಿದ ಕೈ ಅಲ್ಲೇ ನಿಂತಿತು. ಅವನು ಇಲಾರಿಯೊನ ಬೆನ್ನ ಹಿಂದೆ ಸರಿದು ಎರಡು ಚಿಪ್ಪು ಎತ್ತಿಕೊಂಡು, ಒಡೆದು ಚೂರಾಗುವಂತೆ ತಟ್ಟಿದ.

ಇಲಾರಿಯೊ ತಿರುಗಲಿಲ್ಲ. ಎದುರಿಗೆ ಬರೀ ಕಡಲಿತ್ತು.